ಕಾಗೆ ಗರಿಯ ಸಂಗೀತ ಮತ್ತು ಒಂಬತ್ತು ವರ್ಷದ ಹುಡುಗ

(ಮೈಸೂರಿನಲ್ಲಿ ಮಕ್ಕಳ ತಂದೆ ತಾಯಿಯರು ಮತ್ತು ಕೀಬೋರ್ಡ್ ಕಲಿಸುವ ಟೀಚರುಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ನುಡಿಸಿ ತೋರಿಸಿದ ಕಡೆ ಏನು ಮಾಡಿದೆ ಎಂದು ಬರೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಕ್ಕಳೆಲ್ಲ ಮುಂದೆ ಬಂದು ಜಮಖಾನದ ಮೇಲೆ ಕೂತ್ಕೊಳ್ಳಿ. ದೂರದಿಂದ ನೋಡಿದರೆ ಇವತ್ತಿನ ವಿಷಯ ಗೊತ್ತಾಗಲ್ಲ.

ಮಾತು ಶುರು ಮಾಡುವ ಮುಂಚೆ ಈ ಮರದ ಕಡ್ಡಿಯನ್ನು ಕೈಯಿಂದ ಕೈಗೆ ದಾಟಿಸಿ. ಗೇಣಿಗಿಂತ ಸ್ವಲ್ಪ ಗಿಡ್ಡ, ತೆಳ್ಳಗೆ, ಚಪ್ಪಟೆ. ಮೇಲ್ತುದಿಯಲ್ಲಿ ಒಂದು ಪುಟ್ಟ ನಾಲಿಗೆ ಇದೆ, ನೋಡಿ. ಆ ನಾಲಿಗೆಯಿಂದ ಒಂದು ಮುಳ್ಳು ಹೊರಗೆ ಚಾಚಿಕೊಂಡಿದೆ. ಪಕ್ಕದಲ್ಲಿ ಒಂದು ಚೂರು ಬಟ್ಟೆ ಸಿಕ್ಕಿಸಿದ್ದಾರೆ. ಇದಕ್ಕೆ ಜ್ಯಾಕ್ ಅನ್ನುತ್ತಾರೆ. ಪಿಯಾನೊಗಿಂತ ಹಳೆಯದಾದ, ಅದರ ಹಾಗೇ ಕೀ ಇರುವ ಹಾರ್ಪ್ಸಿಕಾರ್ಡ್ ಅನ್ನುವ ವಾದ್ಯದ ಒಳಗೆ ಇಂಥವು ನೂರಾರು ಇರುತ್ತವೆ.

ನೀವು ಕೀ ಒತ್ತಿದರೆ ಅದರ ಹಿಂದಿನ ತುದಿ ಮೇಲೇಳುತ್ತದೆ, ಏತದ ಹಾಗೆ. ಅದರ ಮೇಲೆ ನಿಂತಿರುವ ಈ ಕಡ್ಡಿಯೂ ಮೇಲೆ ಹೋಗುತ್ತದೆ. ಮುಳ್ಳು ತಂತಿಯನ್ನು ಮೀಟುತ್ತದೆ. ಕೀ ಬಿಟ್ಟರೆ ಕಡ್ಡಿ ಕೆಳಗೆ ಬರುತ್ತದೆ. ಆಗ ನಾಲಿಗೆ ಹಿಂದಕ್ಕೆ ಬಾಗಿ ತಂತಿಗೆ ದಾರಿ ಬಿಡುತ್ತದೆ, ಇನ್ನೊಂದು ಸಲ ಮೀಟುವುದಿಲ್ಲ. ಬಟ್ಟೆಯ ಚೂರು ತಂತಿಯ ಮೇಲೆ ಕೂತು ಸದ್ದು ನಿಲ್ಲಿಸುತ್ತದೆ. ಬಾಗಿದ ನಾಲಿಗೆಯನ್ನು ಮತ್ತೆ ನೆಟ್ಟಗೆ ಮಾಡುವ ಸ್ಪ್ರಿಂಗ್ ಯಾವುದು ಗೊತ್ತಾ? ಹಿಂದಿನ ಕಾಲದಲ್ಲಿ ಅದು ಹಂದಿಯ ಒಂದು ಬಿರುಗೂದಲು. ಆ ಮುಳ್ಳು ಹಕ್ಕಿಯ ಗರಿಯ ದಂಟು. ಈಗ ಹೆಚ್ಚಿನ ಕಡೆ ಪ್ಲಾಸ್ಟಿಕ್ ಹಾಕುತ್ತಾರೆ.

ಮರ, ತಂತಿ, ಬಟ್ಟೆ, ಕೂದಲು, ಗರಿ. ಇಷ್ಟರಿಂದಲೇ ಯೂರೋಪಿನ ಮನೆಗಳಲ್ಲಿ, ಅರಮನೆಗಳಲ್ಲಿ ಮುನ್ನೂರು ವರ್ಷ ಸಂಗೀತ ನಡೆಯಿತು. ನಮ್ಮ ಮಕ್ಕಳು ಪಿಯಾನೊ ಕ್ಲಾಸಿನಲ್ಲಿ ನುಡಿಸುವ ಬರೋಕ್ ಪೀಸುಗಳು, ಅಂದರೆ ಸುಮಾರು 1600ರಿಂದ 1750ರವರೆಗಿನ ಸಂಗೀತ, ಹುಟ್ಟಿದ್ದು ಈ ಗರಿಯ ತುದಿಯಲ್ಲಿ. ಮಗುವಿನ ಕೈಗೆ ಮೊದಲು ನೊಟೇಶನ್ ಹಾಳೆ ಕೊಡಬೇಡಿ, ಮೊದಲು ಈ ಗರಿ ಕೊಡಿ ಅಂತ ನಿಮ್ಮನ್ನು ಕೇಳಿಕೊಳ್ಳಲು ನಾನು ಇವತ್ತು ಬಂದಿದ್ದೇನೆ.

ಇದು ನನಗೆ ಯಾಕೆ ಇಷ್ಟು ಮುಖ್ಯ ಅಂತ ಹೇಳಬೇಕು. ಹತ್ತು ವರ್ಷದವಳಿದ್ದಾಗ ನಾನು ಪಿಯಾನೊ ಗ್ರೇಡ್ ಪರೀಕ್ಷೆಗೆ ಜಿ ಮೇಜರ್ ಮಿನುಯೆಟ್ ಅನ್ನುವ ಪೀಸ್ ಕಲಿತೆ. ನಿಮ್ಮಲ್ಲಿ ಬಹಳ ಜನರ ಮಕ್ಕಳು ಈಗ ಅದನ್ನೇ ಕಲಿಯುತ್ತಿರಬಹುದು. (ಮೊದಲ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು, ನುಡಿಸಿದೆ. ಹಾಲಿನಲ್ಲಿ ಅರ್ಧ ಜನ ತಲೆಯಾಡಿಸಿದರು.) ನಾಲ್ಕು ತಿಂಗಳು ಅದೊಂದೇ. ತಾಳ ಕುಟ್ಟುವ ಮೆಟ್ರೊನೋಮ್ ಇಟ್ಟುಕೊಂಡು ದಿನಾ ನಲವತ್ತು ಸಲ. ಅದು ಕುಣಿಯುವುದಕ್ಕೆ ಹುಟ್ಟಿದ ತಾಳ ಅಂತ ನನಗೆ ಯಾರೂ ಹೇಳಲಿಲ್ಲ. ಅದನ್ನು ಬರೆದವರ ಮನಸ್ಸಿನಲ್ಲಿ ಪಿಯಾನೊ ಇರಲೇ ಇಲ್ಲ ಅಂತಲೂ ಹೇಳಲಿಲ್ಲ. ಪರೀಕ್ಷೆ ಪಾಸಾದೆ. ಆಮೇಲೆ ಎಂಟು ವರ್ಷ ಬರೋಕ್ ಅಂದರೆ ನನಗೆ ಬೆರಳಿನ ಕವಾಯತು, ಅಷ್ಟೇ.

ಜರ್ಮನಿಯ ಲೈಪ್‌ಜಿಗ್‌ಗೆ ಓದಲು ಹೋದ ಮೇಲೆ ಒಂದು ಮಧ್ಯಾಹ್ನ ಹಾರ್ಪ್ಸಿಕಾರ್ಡ್ ಮುಂದೆ ಕೂತು ಅದೇ ಮಿನುಯೆಟ್ ನುಡಿಸಿದೆ. ಎರಡನೇ ಬಾರಿಗೆ ಬರುವಷ್ಟರಲ್ಲಿ ಬೆರಳಿಗೆ ಎಲ್ಲ ಅರ್ಥವಾಯಿತು. ಯಾಕೆ ಅಲ್ಲಿ ಸ್ವರ ಕತ್ತರಿಸಬೇಕು, ಯಾಕೆ ಇಲ್ಲಿ ಟ್ರಿಲ್ (ಪಕ್ಕದ ಸ್ವರದ ಜೊತೆ ಬೇಗ ಬೇಗ ಆಡಿಸುವುದು) ಬೇಕು, ಎಡಗೈ ಯಾಕೆ ಅಷ್ಟು ಹಗುರ. ನಾಲ್ಕು ತಿಂಗಳಲ್ಲಿ ಯಾರೂ ಕಲಿಸಲಾಗದ್ದನ್ನು ಆ ವಾದ್ಯ ನಾಲ್ಕು ನಿಮಿಷದಲ್ಲಿ ಕಲಿಸಿತು. ಈಗ ಅಲ್ಲೇ ಮಕ್ಕಳಿಗೆ ಪಾಠ ಹೇಳುತ್ತೇನೆ. ಯಾವ ಮಗುವಿಗೂ ನನ್ನ ಹಾಗೆ ಆಗಬಾರದು ಅಂತ ಪ್ರತಿ ವಾರ ನೆನಪಿಸಿಕೊಳ್ಳುತ್ತೇನೆ.

ಈಗ ಒಂದು ಪ್ರಯೋಗ. ಇಲ್ಲಿರುವುದು ಸಾಧಾರಣ ಎಲೆಕ್ಟ್ರಾನಿಕ್ ಕೀಬೋರ್ಡ್. ಇದರಲ್ಲಿ ಹಾರ್ಪ್ಸಿಕಾರ್ಡ್ ಅನ್ನುವ ಟೋನ್ ಇದೆ, ನಿಮ್ಮ ಮನೆಯದರಲ್ಲೂ ಇರುತ್ತದೆ. ಅದನ್ನು ಒತ್ತಿದೆ. ಜೊತೆಗೆ ಒತ್ತಿದ ಬಲಕ್ಕೆ ತಕ್ಕ ಹಾಗೆ ಸದ್ದು ಬದಲಿಸುವ ಟಚ್ ರೆಸ್ಪಾನ್ಸ್ ಅನ್ನೋದನ್ನು ಆಫ್ ಮಾಡಿದೆ. ಬಾ ಪುಟ್ಟಿ, ಮೆತ್ತಗೆ ಒತ್ತು. ಈಗ ಜೋರಾಗಿ ಒತ್ತು. ಇನ್ನೂ ಜೋರಾಗಿ. ಏನಾದರೂ ವ್ಯತ್ಯಾಸ ಆಯ್ತಾ?

ಇಲ್ಲ. ಹಾರ್ಪ್ಸಿಕಾರ್ಡಿನಲ್ಲೂ ಹೆಚ್ಚುಕಡಿಮೆ ಹೀಗೇ. ಗರಿ ತಂತಿಯನ್ನು ಮೀಟುವುದು ಒಂದೇ ರೀತಿ. ನೀವು ಎಷ್ಟು ಬಲ ಹಾಕಿದರೂ ಸದ್ದು ಅಷ್ಟೇ. ದೊಡ್ಡ ವಾದ್ಯಗಳಲ್ಲಿ ಎರಡು ಸಾಲು ಕೀ ಇರುತ್ತವೆ, ಇನ್ನೊಂದು ಸಾಲು ತಂತಿಯನ್ನು ಸೇರಿಸಿಕೊಂಡು ಸದ್ದು ದಪ್ಪ ಮಾಡಬಹುದು. ಆದರೆ ಹಾಡಿನ ಸಾಲಿನ ನಡುವೆ ಒಂದೇ ಒಂದು ಸ್ವರವನ್ನು ಎತ್ತಿ ತೋರಿಸಬೇಕಾದರೆ?

ಮಕ್ಕಳಿಗೆ ನಾನು ಹೀಗೆ ಕೇಳುತ್ತೇನೆ: ಕೂಗದೆ, ಒಂದೇ ದನಿಯಲ್ಲಿ, ಒಂದು ಮಾತನ್ನು ಮುಖ್ಯ ಮಾಡೋದು ಹೇಗೆ? "ಮಂಚದ ಕೆಳಗೆ ಹಾವಿದೆ" ಅನ್ನಿ. ಈಗ "ಮಂಚದ ಕೆಳಗೆ..." ಅಂತ ನಿಲ್ಲಿಸಿ, "ಹಾವಿದೆ" ಅನ್ನಿ. ದನಿ ಏರಿಸಲಿಲ್ಲ. ಆದರೂ ಎಲ್ಲರೂ ಕಾಲು ಮೇಲೆತ್ತಿಕೊಂಡರು, ಅಲ್ವಾ? ಆ ಕೂದಲೆಳೆಯಷ್ಟು ನಿಲುಗಡೆಯೇ ಹಾರ್ಪ್ಸಿಕಾರ್ಡ್ ನುಡಿಸುವವರ ದೊಡ್ಡ ಆಯುಧ. ಮುಖ್ಯ ಸ್ವರಕ್ಕೆ ಮುಂಚೆ ಬರುವ ಸ್ವರವನ್ನು ಸ್ವಲ್ಪ ಬೇಗ ಬಿಡಬೇಕು. ಮುಖ್ಯವಾದದ್ದನ್ನು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಬೇಕು. ಒತ್ತುವುದು ಎಷ್ಟು ಮುಖ್ಯವೋ, ಬಿಡುವುದು ಅದಕ್ಕಿಂತ ಮುಖ್ಯ. ಏಳು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ, ಯಾಕೆಂದರೆ ಕಥೆ ಹೇಳುವಾಗ ಅದು ಇದನ್ನು ದಿನಾ ಮಾಡುತ್ತದೆ.

ಇನ್ನೊಂದು ತೊಂದರೆ ಇದೆ. ಮೀಟಿದ ತಂತಿಯ ಸದ್ದು ಬೇಗ ಸಾಯುತ್ತದೆ. ಉದ್ದ ಸ್ವರವನ್ನು ಬದುಕಿಸಿ ಇಡೋದು ಹೇಗೆ? ಅಲ್ಲಲ್ಲೇ ತುಯ್ದಾಡಿಸಿ, ಪಕ್ಕದ ಸ್ವರ ಮುಟ್ಟಿ ಬಂದು. ಅದಕ್ಕೇ ಬರೋಕ್ ಹಾಳೆಯ ಮೇಲೆ ಸ್ವರಗಳ ತಲೆಯ ಮೇಲೆ ಆ ಹುಳುವಿನಂಥ ಗುರುತುಗಳು. ಟ್ರಿಲ್, ಮಾರ್ಡೆಂಟ್, ಇತ್ಯಾದಿ. ವೀಣೆ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಯೇ ಇಲ್ಲ. ಗಮಕವೇ ಇದು ಅಂತ ನಾನು ಹೇಳುತ್ತಿಲ್ಲ. ಗಮಕ ರಾಗದ ಜೀವ, ಇದು ಅಲ್ಲಿ ಇಲ್ಲಿ ಹಾಕುವ ಒಡವೆಯ ಥರ. ಆದರೆ ಸ್ವರ ಸುಮ್ನೆ ಮರದ ತುಂಡಿನ ಹಾಗೆ ನಿಲ್ಲಬಾರದು ಅನ್ನುವ ಆಸೆ ಎರಡರಲ್ಲೂ ಇದೆ.

ಬರೋಕ್ ವಾದ್ಯಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ಕ್ಲಾವಿಕಾರ್ಡ್ ಮೇಲೆ. ಮೇಜಿನ ಮೇಲೆ ಇಡಬಹುದಾದ ಉದ್ದನೆಯ ಪೆಟ್ಟಿಗೆ. ಅದರಲ್ಲಿ ಗರಿ ಇಲ್ಲ. ಕೀ ತುದಿಯಲ್ಲಿ ಒಂದು ಹಿತ್ತಾಳೆ ತಗಡು ನೆಟ್ಟಗೆ ನಿಂತಿರುತ್ತದೆ. ಕೀ ಒತ್ತಿದರೆ ಆ ತಗಡು ತಂತಿಗೆ ತಾಗಿ, ತಾಗಿದಲ್ಲೇ ಉಳಿಯುತ್ತದೆ. ತಂತಿಯ ಯಾವ ಜಾಗಕ್ಕೆ ತಾಗಿತು ಅನ್ನುವುದರ ಮೇಲೆ ಸ್ವರ. ಅಂದರೆ ಆ ತಗಡು ಮೀಟುವ ಬೆರಳೂ ಹೌದು, ವೀಣೆಯ ಮೆಟ್ಟಿಲೂ ಹೌದು. ಕೀ ಒತ್ತಿ ಹಿಡಿದಷ್ಟು ಹೊತ್ತೂ ನಿಮ್ಮ ಬೆರಳಿಗೂ ತಂತಿಗೂ ಸಂಪರ್ಕ ಇರುತ್ತದೆ. ಬೆರಳನ್ನು ಅಲ್ಲೇ ಮೆಲ್ಲಗೆ ಅದುಮಿ ಸಡಿಲಿಸಿದರೆ ಸ್ವರ ನಡುಗುತ್ತದೆ. ಜರ್ಮನ್ನರು ಇದಕ್ಕೆ ಬೇಬುಂಗ್ ಅನ್ನುತ್ತಾರೆ. ಪಿಯಾನೊದಲ್ಲಿ ಇದು ಸಾಧ್ಯವೇ ಇಲ್ಲ. ಹಾರ್ಪ್ಸಿಕಾರ್ಡಿನಲ್ಲೂ ಇಲ್ಲ.

ಸದ್ದು ಮಾತ್ರ ತೀರಾ ಸಣ್ಣ. ಪಕ್ಕದ ಕೋಣೆಯಲ್ಲಿ ಕೂತವರಿಗೆ ಕೇಳಿಸದಷ್ಟು ಸಣ್ಣ. ಅದಕ್ಕೇ ರಾತ್ರಿ ಅಭ್ಯಾಸಕ್ಕೆ ಇದನ್ನು ಇಟ್ಟುಕೊಳ್ಳುತ್ತಿದ್ದರು. ಬರೋಕ್ ಕಾಲದ ದೊಡ್ಡ ಸಂಗೀತಗಾರ ಹೆಂಡೆಲ್ ಬಗ್ಗೆ ಒಂದು ಹಳೆಯ ಕಥೆ ಇದೆ, 1760ರಲ್ಲಿ ಬಂದ ಅವನ ಜೀವನಚರಿತ್ರೆಯಲ್ಲಿ. ಮಗ ವಕೀಲನಾಗಲಿ ಅಂತ ಅಪ್ಪನಿಗೆ ಆಸೆ, ಮನೆಯಲ್ಲಿ ಸಂಗೀತಕ್ಕೆ ತಡೆ. ಹುಡುಗ ಅಟ್ಟದ ಮೇಲೆ ಕ್ಲಾವಿಕಾರ್ಡ್ ಇರಿಸಿಕೊಂಡು ಎಲ್ಲರೂ ಮಲಗಿದ ಮೇಲೆ ನುಡಿಸುತ್ತಿದ್ದನಂತೆ. ಕಥೆ ನಿಜವೋ ಅಲ್ಲವೋ, ಬೇರೆ ವಾದ್ಯವಾಗಿದ್ದರೆ ಆ ಕಥೆ ಹುಟ್ಟುತ್ತಲೇ ಇರಲಿಲ್ಲ.

ಲೈಪ್‌ಜಿಗ್‌ನ ಗ್ರಾಸಿ ಮ್ಯೂಸಿಯಂನಲ್ಲಿ 1543ರ ಒಂದು ಕ್ಲಾವಿಕಾರ್ಡ್ ಇದೆ. ತಾರೀಖು ಬರೆದಿರುವ ಕ್ಲಾವಿಕಾರ್ಡುಗಳಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯದು ಅದು. ಅಲ್ಲೇ ಇನ್ನೊಂದು ಕಡೆ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ 1726ರಲ್ಲಿ ಮಾಡಿದ ಪಿಯಾನೊ. ಫ್ಲಾರೆನ್ಸಿನಲ್ಲಿ ಮೆದಿಚಿ ಮನೆತನದ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಈತನೇ 1700ರ ಆಸುಪಾಸಿನಲ್ಲಿ ಗರಿಯ ಬದಲು ಸುತ್ತಿಗೆ ಹಾಕಿ ಪಿಯಾನೊ ಮಾಡಿದವನು. ಅವನು ಮಾಡಿದ ಪಿಯಾನೊಗಳಲ್ಲಿ ಈಗ ಉಳಿದಿರುವುದು ಮೂರೇ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನು ಏನೂ ಹೇಳುವುದಿಲ್ಲ. ಒಳಗೆ ಬಗ್ಗಿ ನೋಡಿ, ಗರಿ ಎಲ್ಲಿದೆ, ಸುತ್ತಿಗೆ ಎಲ್ಲಿದೆ ಹುಡುಕಿ ಅನ್ನುತ್ತೇನೆ. ಅವರೇ ಹುಡುಕುತ್ತಾರೆ.

ಈಗ ಆ ಒಂಬತ್ತು ವರ್ಷದ ಹುಡುಗನ ವಿಷಯಕ್ಕೆ ಬರುತ್ತೇನೆ.

1720ರ ಜನವರಿ 22. ಜರ್ಮನಿಯ ಕೋಥೆನ್ ಎಂಬ ಪುಟ್ಟ ಊರು. ಅಲ್ಲಿನ ರಾಜಕುಮಾರನ ಆಸ್ಥಾನದಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ಸಂಗೀತದ ಮುಖ್ಯಸ್ಥ. ಆ ದಿನ ಅವನು ಒಂದು ಹೊಸ ಖಾಲಿ ಪುಸ್ತಕ ತೆಗೆದು ಮೊದಲ ಪುಟದಲ್ಲಿ ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮನ್‌ನ ಹೆಸರು ಬರೆದ. ಹುಡುಗನಿಗೆ ಒಂಬತ್ತು ತುಂಬಿ ಎರಡು ತಿಂಗಳಾಗಿತ್ತು.

ಆ ಪುಸ್ತಕ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಮೊದಲು ಸ್ವರಗಳ ಹೆಸರು. ಆಮೇಲೆ ಟ್ರಿಲ್, ಮಾರ್ಡೆಂಟ್ ಥರದ ಹದಿಮೂರು ಅಲಂಕಾರಗಳ ಒಂದು ಪಟ್ಟಿ: ಮೇಲೆ ಗುರುತು, ಕೆಳಗೆ ಅದನ್ನು ಹೇಗೆ ನುಡಿಸಬೇಕು ಅಂತ. ಆಮೇಲೆ ಒಂದು ಪುಟ್ಟ ಪೀಸ್, ಪ್ರತಿ ಸ್ವರಕ್ಕೂ ಯಾವ ಬೆರಳು ಅಂತ ಅಪ್ಪನೇ ಬರೆದದ್ದು. ಹೆಬ್ಬೆರಳು ಒಂದು ಅಂತ ಎಣಿಸಿದರೆ, ಬಲಗೈಗೆ ಮೂರು ನಾಲ್ಕು, ಮೂರು ನಾಲ್ಕು ಅಂತ ಬೆರಳ ಮೇಲೆ ಬೆರಳು ದಾಟಿಸುವ ಹಳೆಯ ಕ್ರಮ. ಇವತ್ತಿನ ಟೀಚರು ನೋಡಿದರೆ ಅಳಿಸಿ ಹಾಕುತ್ತಾರೆ! ಆದರೆ ನುಡಿಸಿ ನೋಡಿ. ಆ ಬೆರಳುಗಳಲ್ಲಿ ಸ್ವರಗಳು ತಾವಾಗಿಯೇ ಎರಡೆರಡಾಗಿ ಉಸಿರಾಡುತ್ತವೆ. ಆ ಪುಟದ ನೆತ್ತಿಯ ಮೇಲೆ ಬಾಖ್ ಮೂರು ಅಕ್ಷರ ಬರೆದಿದ್ದಾನೆ: ಐ, ಎನ್, ಜೆ. ಲ್ಯಾಟಿನ್‌ನಲ್ಲಿ ಯೇಸುವಿನ ಹೆಸರಿನಲ್ಲಿ ಅಂತ ಅರ್ಥ. ನಮ್ಮ ಅಜ್ಜಂದಿರು ಕಾಗದದ ತಲೆಯ ಮೇಲೆ ಶ್ರೀ ಅಂತ ಬರೆದು ಶುರು ಮಾಡುತ್ತಿದ್ದರಲ್ಲ, ಅದೇ.

ಮುಂದೆ ಹೋದ ಹಾಗೆ ಅಪ್ಪನ ಅಕ್ಷರದ ಜೊತೆ ಮಗನ ಅಕ್ಷರವೂ ಬರುತ್ತದೆ. ಹುಡುಗ ತಾನೇ ನಕಲು ಮಾಡಿದ್ದಾನೆ, ತಾನೇ ಒಂದಿಷ್ಟು ಬರೆಯಲು ನೋಡಿದ್ದಾನೆ. ಅದೇ ವರ್ಷ ಜುಲೈನಲ್ಲಿ ಫ್ರೀಡೆಮನ್‌ನ ತಾಯಿ ತೀರಿಕೊಂಡಳು. ಅಪ್ಪ ರಾಜಕುಮಾರನ ಜೊತೆ ಪರ ಊರಿನಲ್ಲಿದ್ದ, ವಾಪಸ್ ಬರುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಪುಸ್ತಕ ಅಲ್ಲಿಗೆ ನಿಲ್ಲಲಿಲ್ಲ, ಅದು ಮುಂದೆ ಹಲವು ವರ್ಷ ತುಂಬುತ್ತಾ ಹೋಯಿತು. ಆ ಪುಟಗಳ ಚಿತ್ರ ನೋಡುವಾಗ ನನಗೆ ಇದು ಪ್ರತಿ ಸಲ ನೆನಪಾಗುತ್ತದೆ.

ಇವತ್ತು ಪ್ರಪಂಚದ ಎಲ್ಲ ಪಿಯಾನೊ ವಿದ್ಯಾರ್ಥಿಗಳೂ ನುಡಿಸುವ ಬಾಖ್‌ನ ಇನ್ವೆನ್ಶನ್ ಅನ್ನುವ ಪುಟ್ಟ ಪೀಸುಗಳು ಮೊದಲು ಕಾಣಿಸಿದ್ದು ಈ ಪುಸ್ತಕದಲ್ಲಿ. 1723ರಲ್ಲಿ ಅವನು ಅವನ್ನು ಅಂದವಾಗಿ ಮತ್ತೆ ಬರೆದು, ಯಾಕೆ ಬರೆದೆ ಅಂತ ಮೊದಲ ಪುಟದಲ್ಲಿ ಹೇಳಿದ್ದಾನೆ. ಎರಡು ದನಿಗಳನ್ನು ಶುದ್ಧವಾಗಿ ನುಡಿಸುವುದಕ್ಕೆ, ಆಮೇಲೆ ಮೂರು ದನಿಗಳನ್ನು. ಒಳ್ಳೆಯ ಕಲ್ಪನೆಗಳನ್ನು ಹುಟ್ಟಿಸಿಕೊಂಡು ಬೆಳೆಸುವುದಕ್ಕೆ. ಎಲ್ಲಕ್ಕಿಂತ ಹೆಚ್ಚಾಗಿ, ಹಾಡಿದ ಹಾಗೆ ನುಡಿಸುವುದಕ್ಕೆ. ಜೊತೆಗೆ ಸಂಗೀತ ರಚನೆಯ ರುಚಿ ಹತ್ತಿಸುವುದಕ್ಕೆ. ಬೆರಳು ಓಡಿಸುವುದಕ್ಕೆ ಅಂತ ಎಲ್ಲೂ ಇಲ್ಲ.

ಎರಡು ದನಿ ಅನ್ನುವುದು ನಮ್ಮ ಮಕ್ಕಳಿಗೆ ಹೊಸದು, ಇದನ್ನು ನಿಧಾನವಾಗಿ ಹೇಳಬೇಕು. ನಮ್ಮ ಸಂಗೀತದಲ್ಲಿ ಒಂದೇ ಎಳೆ. ಇಲ್ಲಿ ಎರಡು ಎಳೆ, ಎರಡಕ್ಕೂ ಸಮ ಗೌರವ. ನಾನು ಹೀಗೆ ಹೇಳುತ್ತೇನೆ: ಪಾಠದಲ್ಲಿ ಟೀಚರು ಒಂದು ಸಾಲು ಹಾಡುತ್ತಾರೆ, ನೀನು ಅದನ್ನೇ ತಿರುಗಿ ಹಾಡುತ್ತೀಯ. ಆದರೆ ಇಲ್ಲಿ ಟೀಚರು ಸುಮ್ಮನೆ ಕೂರುವುದಿಲ್ಲ. ನೀನು ಹಾಡುತ್ತಿರುವಾಗಲೇ ಅವರು ಮುಂದಿನ ಸಾಲು ಹಿಡಿಯುತ್ತಾರೆ. (ಸಿ ಮೇಜರ್‌ನ ಮೊದಲ ಇನ್ವೆನ್ಶನ್ ನುಡಿಸಿದೆ.) ಕೇಳಿದಿರಾ? ಬಲಗೈ ಹೇಳಿದ್ದನ್ನು ಅರ್ಧ ಬಾರ್ ಆದ ಮೇಲೆ ಎಡಗೈ ಕೆಳಗೆ ಹೇಳಿತು.

ಇದನ್ನು ಮಗು ಒಂದೇ ಸಲಕ್ಕೆ ಎರಡೂ ಕೈಯಲ್ಲಿ ನುಡಿಸಬೇಕಿಲ್ಲ. ಒಂದು ದನಿ ಮಗುವಿಗೆ, ಇನ್ನೊಂದು ಟೀಚರಿಗೆ. ಆಮೇಲೆ ಅದಲು ಬದಲು. ಅಣ್ಣ ತಂಗಿ ಇದ್ದರೆ ಇನ್ನೂ ಒಳ್ಳೆಯದು. ತಿಂಗಳುಗಟ್ಟಲೆ ಹೀಗೇ ಮಾಡಿ, ಅವಸರವೇನೂ ಇಲ್ಲ. ಇನ್ನೊಂದು ದನಿಯನ್ನು ಕೇಳಿಸಿಕೊಳ್ಳುತ್ತಾ ನನ್ನದನ್ನು ಹೇಳುವುದು, ಅದು ಬಂದರೆ ಕೈ ಸೇರಿಸುವುದು ದೊಡ್ಡ ಮಾತಲ್ಲ.

ಬಾಖ್ ಮನೆಯ ಇನ್ನೊಂದು ಪುಸ್ತಕ ನಿಮಗೆಲ್ಲ ಗೊತ್ತು. ಅವನ ಎರಡನೇ ಹೆಂಡತಿ, ಹಾಡುಗಾರ್ತಿ ಅನ್ನಾ ಮಾಗ್ದಲೇನಾಳ ಪುಸ್ತಕ, 1725ರದು. ನನ್ನ ಆ ಮಿನುಯೆಟ್ ಇರುವುದು ಅದರಲ್ಲೇ. ಅದು ಬಾಖ್ ಬರೆದದ್ದಲ್ಲ ಅಂತ 1970ರ ದಶಕದಲ್ಲಿ ಗೊತ್ತಾಯಿತು. ಬರೆದವನು ಡ್ರೆಸ್ಡನ್‌ನ ಆರ್ಗನ್ ವಾದಕ ಕ್ರಿಸ್ಟಿಯನ್ ಪೆಟ್ಸೋಲ್ಡ್. ಅವನ ಒಂದು ಹಾರ್ಪ್ಸಿಕಾರ್ಡ್ ಸ್ವೀಟ್‌ನಿಂದ, ಅಂದರೆ ಕುಣಿತದ ಪೀಸುಗಳ ಸರಣಿಯಿಂದ, ಬಾಖ್ ಮನೆಯವರು ನಕಲು ಮಾಡಿಕೊಂಡಿದ್ದರು. ಇಂದಿಗೂ ಎಷ್ಟೋ ಪುಸ್ತಕಗಳಲ್ಲಿ ಬಾಖ್ ಅಂತಲೇ ಇದೆ. ಮಕ್ಕಳಿಗೆ ದಯವಿಟ್ಟು ಪೆಟ್ಸೋಲ್ಡ್ ಹೆಸರು ಹೇಳಿಕೊಡಿ. ಅಷ್ಟು ಒಳ್ಳೆಯ ಪೀಸ್ ಬರೆದವನಿಗೆ ಅಷ್ಟಾದರೂ ಸಲ್ಲಬೇಕು.

ಮಿನುಯೆಟ್ ಅಂದರೆ ಕುಣಿತ ಅಂದೆನಲ್ಲ. ಅದರ ಹೆಜ್ಜೆ ಮೂರು ಎಣಿಕೆಗೆ ಮುಗಿಯುವುದಿಲ್ಲ, ಆರು ಎಣಿಕೆಗೆ ಮುಗಿಯುತ್ತದೆ. ಎರಡು ಬಾರ್‌ಗೆ ಒಂದು ಹೆಜ್ಜೆ ಜೋಡಣೆ, ಅದರಲ್ಲಿ ನಾಲ್ಕು ನಡೆ. ಮಕ್ಕಳನ್ನು ಎಬ್ಬಿಸಿ ಕೋಣೆಯಲ್ಲಿ ಆರು ಎಣಿಸುತ್ತಾ ನಡೆಸಿ. ಕೂತು ಮತ್ತೆ ನುಡಿಸಿದಾಗ ಪ್ರತಿ ಬಾರ್‌ನ ಮೊದಲ ಸ್ವರವನ್ನು ಗುದ್ದುವ ಚಟ ಅರ್ಧ ಬಿಟ್ಟುಹೋಗಿರುತ್ತದೆ. ಸಾವಿರ ಸಲ ಹೇಳಿದರೂ ಬಿಡದ ಚಟ ಅದು.

ಇನ್ನು ಫ್ರಾನ್ಸಿಗೆ ಹೋಗೋಣ. ಮಕ್ಕಳಿಗೆ ಕಲಿಸುವ ಬಗ್ಗೆ ಫ್ರಾಂಸ್ವಾ ಕೂಪೆರಾಂ 1716ರಲ್ಲಿ ಒಂದು ಪುಸ್ತಕ ಬರೆದ, ಹಾರ್ಪ್ಸಿಕಾರ್ಡ್ ನುಡಿಸುವ ಕಲೆಯ ಮೇಲೆ. ಅದನ್ನು ಓದಿದರೆ ಪಕ್ಕದ ಬೀದಿಯ ಟೀಚರ ಜೊತೆ ಮಾತಾಡಿದ ಹಾಗೆ ಆಗುತ್ತದೆ. ಶುರು ಮಾಡಲು ಸರಿಯಾದ ವಯಸ್ಸು ಆರು ಏಳು ಅನ್ನುತ್ತಾನೆ. ಮಗುವಿನ ಕಾಲು ನೇತಾಡಬಾರದು, ಕೆಳಗೆ ಏನಾದರೂ ಇಡಿ ಅನ್ನುತ್ತಾನೆ. ನಮ್ಮ ಮನೆಗಳಲ್ಲಿ ಊಟದ ಮಣೆ ಇದೆಯಲ್ಲ, ಎರಡು ಇಟ್ಟರೆ ಸಾಕು. ಇವತ್ತೇ ಮಾಡಿ, ಮಗುವಿನ ಭುಜ ಹೇಗೆ ಇಳಿಯುತ್ತದೆ ನೋಡಿ. ಸಣ್ಣ ಮಕ್ಕಳಿಗೆ ಗರಿ ಮೆತ್ತಗಿರುವ ವಾದ್ಯ ಕೊಡಿ, ಗಟ್ಟಿ ವಾದ್ಯ ಕೊಟ್ಟರೆ ಬೆರಳು ಬಲವಂತ ಮಾಡಲು ಕಲಿಯುತ್ತದೆ ಅನ್ನುತ್ತಾನೆ. ಮುಖ ಕಿವುಚುವ ಅಭ್ಯಾಸ ಇದ್ದರೆ ಎದುರಿಗೆ ಕನ್ನಡಿ ಇಡಿ ಅಂತಲೂ ಇದೆ.

ನನಗೆ ಬಹಳ ಬೇಕಾದ ಮಾತು ಇದು: ಬೆರಳಲ್ಲಿ ಒಂದಿಷ್ಟು ಪೀಸುಗಳು ಕೂತ ಮೇಲಷ್ಟೇ ಮಕ್ಕಳಿಗೆ ನೊಟೇಶನ್ ಕಲಿಸಬೇಕು ಅನ್ನುತ್ತಾನೆ ಕೂಪೆರಾಂ. ಹಾಳೆ ನೋಡುತ್ತಾ ಕೂತರೆ ಬೆರಳು ಕೆಡುತ್ತದೆ, ಅಲಂಕಾರಗಳು ಸೊಟ್ಟಗಾಗುತ್ತವೆ, ನೆನಪಿನ ಶಕ್ತಿಯೂ ಬೆಳೆಯುವುದಿಲ್ಲ ಅಂತ ಅವನ ಅಭಿಪ್ರಾಯ. ರಾಜಮನೆತನದ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ ಹೀಗೆ ಹೇಳುತ್ತಾನೆ. ನಮ್ಮಲ್ಲೂ ಸರಳೆ ವರಸೆ ಬಾಯಿಗೆ ಬಂದ ಮೇಲೆ ತಾನೇ ಪುಸ್ತಕ? ಹಾಗಿದ್ದೂ ಕೀಬೋರ್ಡ್ ಕ್ಲಾಸಿನಲ್ಲಿ ಮೊದಲ ದಿನವೇ ಐದು ಗೆರೆ ತೋರಿಸಿ ಹೆದರಿಸುತ್ತೇವೆ. ಇದನ್ನು ಬಿಡಬೇಕು.

ಅವನ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಶುರುವಿನ ದಿನಗಳಲ್ಲಿ ಟೀಚರು ಇಲ್ಲದಾಗ ಮಗು ನುಡಿಸಲೇಬಾರದಂತೆ. ಪಾಠ ಮುಗಿಸಿ ಹೋಗುವಾಗ ಅವನು ವಾದ್ಯದ ಬೀಗದ ಕೈ ಜೊತೆಗೇ ಒಯ್ಯುತ್ತಿದ್ದ! ಮುಕ್ಕಾಲು ಗಂಟೆ ಕಷ್ಟಪಟ್ಟು ಕಲಿಸಿದ್ದನ್ನು ಒಂದು ಕ್ಷಣದಲ್ಲಿ ಕೆಡಿಸಿಕೊಳ್ಳುತ್ತಾರೆ ಅಂತ. ನಮ್ಮ ಮಕ್ಕಳಿಗೆ ಬೀಗ ಬೇಡ. ಸುಮ್ನೆ ಕೂತು ತಪ್ಪು ತಪ್ಪಾಗಿ ಹುಡುಕಾಡಲಿ. ಸದ್ದಿನ ಪರಿಚಯ ಆಗುವುದೇ ಹಾಗೆ.

ಇಷ್ಟು ಹೊತ್ತು ಕೂತ ಮಕ್ಕಳಿಗೆ ಈಗ ಕೋಳಿ. (ರಾಮೋನ ಕೋಳಿಯ ಮೊದಲ ಸಾಲು ನುಡಿಸಿದೆ.) ಫ್ರಾನ್ಸಿನ ಜಾಂ ಫಿಲಿಪ್ ರಾಮೋ ಇದಕ್ಕೆ ಕೋಳಿ ಅಂತಲೇ ಹೆಸರಿಟ್ಟ. ಸ್ವರಗಳ ಕೆಳಗೆ ಕೊ ಕೊ ಕೊ ಕೊ ಅಂತ ಅಕ್ಷರವನ್ನೂ ಅಚ್ಚು ಹಾಕಿಸಿದ. ಪಿಯಾನೊದಲ್ಲಿ ಇದು ಕೋಳಿಯ ಚಿತ್ರ. ಹಾರ್ಪ್ಸಿಕಾರ್ಡಿನಲ್ಲಿ ಕೋಳಿಯೇ ಬಂದು ಕುಕ್ಕುತ್ತದೆ, ಯಾಕೆಂದರೆ ಗರಿ ತಂತಿಯನ್ನು ಮೀಟುವ ಸದ್ದೇ ಕೊಕ್ಕಿನ ಸದ್ದು. ಕೂಪೆರಾಂ ಬರೆದದ್ದರಲ್ಲಿ ಪುಟ್ಟ ಗಾಳಿಯಂತ್ರಗಳಿವೆ, ನುಸಿ ಇದೆ, ಬೆಳಗ್ಗೆ ಎಬ್ಬಿಸುವ ಗಡಿಯಾರ ಇದೆ. ಲೂಯಿ ಕ್ಲೋದ್ ದಾಕಾಂ 1735ರಲ್ಲಿ ಕೋಗಿಲೆ ಅಂತ ಒಂದು ಪೀಸ್ ಅಚ್ಚು ಹಾಕಿಸಿದ. ಅದನ್ನು ಕೇಳಿಸುವ ಮುಂಚೆ ಮಕ್ಕಳಿಗೆ ಒಂದು ವಿಷಯ ಹೇಳಿ. ಯೂರೋಪಿನ ಆ ಹಕ್ಕಿ ನಮ್ಮ ಕೋಗಿಲೆಯಲ್ಲ, ಅದರ ನೆಂಟ. ನಮ್ಮ ಕೋಗಿಲೆ ಕೂಗುತ್ತಾ ಸ್ವರ ಏರಿಸುತ್ತದೆ. ಅದು ಎರಡೇ ಸ್ವರ ಕೂಗಿ ಕೆಳಗೆ ಇಳಿಸುತ್ತದೆ. ಹೇಳದಿದ್ದರೆ ಇದ್ಯಾವ ಕೋಗಿಲೆ ಅಂತ ಕೇಳುತ್ತಾರೆ, ನನ್ನ ಅಕ್ಕನ ಮಗ ಕೇಳಿದ.

ಇಟಲಿಯ ಸಂಗೀತಗಾರ ದೊಮೆನಿಕೊ ಸ್ಕಾರ್ಲಾಟಿ ಬಗ್ಗೆ ಒಂದೇ ಮಾತು. ಪೋರ್ಚುಗಲ್ಲಿನ ಪುಟ್ಟ ರಾಜಕುಮಾರಿ ಮರಿಯಾ ಬಾರ್ಬರಾಗೆ ಪಾಠ ಹೇಳಲು ಸೇರಿದ ಆತ, ಅವಳು ಮದುವೆಯಾಗಿ ಸ್ಪೇನಿಗೆ ಹೋದಾಗ ಜೊತೆಗೇ ಹೋಗಿ ಕೊನೆಯವರೆಗೂ ಅಲ್ಲೇ ಉಳಿದ. ಅವನು ಬರೆದ ಸೊನಾಟಾ ಅನ್ನುವ 555 ಪೀಸುಗಳು ಹೆಚ್ಚು ಕಡಿಮೆ ಆ ಒಬ್ಬ ಶಿಷ್ಯೆಯ ಸುತ್ತಲೇ ಬೆಳೆದವು. ಕೈ ಮೇಲೆ ಕೈ ದಾಟಿಸಿ ಜಿಗಿಯುವ ಪೀಸುಗಳು ಎಷ್ಟೋ ಇವೆ. ಹತ್ತು ದಾಟಿದ ಮಕ್ಕಳಿಗೆ ಅವನ್ನು ನೋಡಿದರೇ ಖುಷಿ.

ಕೊನೆಯದಾಗಿ ಬಾಖ್‌ನ ಒಬ್ಬ ಶಿಷ್ಯನ ನೆನಪು. ಹೈನ್‌ರಿಖ್ ನಿಕೋಲಾಸ್ ಗೆರ್ಬರ್ 1724ರಲ್ಲಿ ಲೈಪ್‌ಜಿಗ್‌ಗೆ ಓದಲು ಬಂದ ಹುಡುಗ. ಅವನ ಮಗ ಮುಂದೆ ಇದನ್ನು ಬರೆದಿಟ್ಟ. ಬಾಖ್ ಅವನಿಗೆ ಕಲಿಸಿದ್ದು ಮೊದಲು ಇನ್ವೆನ್ಶನ್‌ಗಳು, ಆಮೇಲೆ ಸ್ವೀಟ್‌ಗಳು, ಆಮೇಲೆ ಮೇಜರ್ ಮೈನರ್ ಎರಡೂ ಸೇರಿ 24 ಶ್ರುತಿಗಳಲ್ಲೂ ಬರೆದ, ಪ್ರಿಲ್ಯೂಡ್ ಮತ್ತು ಫ್ಯೂಗ್ ಅನ್ನುವ ಜೋಡಿ ಪೀಸುಗಳು. ಆ ಕೊನೆಯದನ್ನು ಬಾಖ್ ಇಡೀ ಪುಸ್ತಕ ಮೂರು ಸಲ ಅವನೆದುರು ನುಡಿಸಿ ತೋರಿಸಿದನಂತೆ. ಇವತ್ತು ಪಾಠ ಹೇಳಲು ಮನಸ್ಸಿಲ್ಲ ಅಂತ ನೆಪ ಹೇಳಿ ಬಾಖ್ ತಾನೇ ವಾದ್ಯದ ಮುಂದೆ ಕೂತುಬಿಡುತ್ತಿದ್ದ. ಆ ಗಂಟೆಗಳು ನಿಮಿಷಗಳ ಹಾಗೆ ಕಳೆದವು, ತನ್ನ ಬದುಕಿನ ಅತಿ ಸುಖದ ಹೊತ್ತು ಅದೇ ಅಂತ ಗೆರ್ಬರ್ ನೆನೆಯುತ್ತಿದ್ದ. ಟೀಚರುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ತಿಂಗಳಿಗೆ ಒಂದು ಪಾಠವಾದರೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವು ನುಡಿಸಿ. ಫೀಸು ಕೊಟ್ಟಿದ್ದೇವೆ, ಮಗು ನುಡಿಸಲಿಲ್ಲವಲ್ಲ ಅಂತ ತಂದೆ ತಾಯಿ ಕೇಳಬಾರದು.

ಪ್ರಶ್ನೆಗಳಿಗೆ ಸಮಯ ಇಟ್ಟಿದ್ದೆವು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು: "ಮೇಡಂ, ಹಾರ್ಪ್ಸಿಕಾರ್ಡ್ ನಮಗೆಲ್ಲಿ ಸಿಗುತ್ತೆ? ಪಿಯಾನೊದಲ್ಲಿ ನುಡಿಸಿದರೆ ತಪ್ಪಾ?"

ತಪ್ಪೇನಿಲ್ಲ. ಬಾಖ್ ತನ್ನ ಪುಸ್ತಕಗಳ ಮೇಲೆ ಕ್ಲಾವಿಯರ್ ಅಂತ ಬರೆಯುತ್ತಿದ್ದ. ಆ ಕಾಲದಲ್ಲಿ ಕೀ ಇರುವ ಯಾವ ವಾದ್ಯಕ್ಕೂ ಆ ಮಾತು ಸಲ್ಲುತ್ತಿತ್ತು. ಪಿಯಾನೊದಲ್ಲಿ ಧಾರಾಳವಾಗಿ ನುಡಿಸಿ. ಆದರೆ ವಾರಕ್ಕೆ ಒಂದು ದಿನ ಕೀಬೋರ್ಡಿನ ಹಾರ್ಪ್ಸಿಕಾರ್ಡ್ ಟೋನ್ ಹಾಕಿ, ಟಚ್ ಆಫ್ ಮಾಡಿ, ಅದೇ ಪೀಸನ್ನು ನುಡಿಸಲಿ. ಜೋರು ಮೆಲು ಇಲ್ಲದೆ ಕಥೆ ಹೇಳಲು ಕಲಿತ ಮಗು ಪಿಯಾನೊಗೆ ವಾಪಸ್ ಬಂದಾಗ ನುಡಿಸುವುದೇ ಬೇರೆ ಥರ ಇರುತ್ತದೆ. ಪ್ರವಾಸಕ್ಕೆ ಜರ್ಮನಿ ಕಡೆ ಬಂದರೆ ಬಾಖ್ ಹುಟ್ಟಿದ ಐಸನಾಖ್‌ಗೆ ಹೋಗಿ. ಅಲ್ಲಿನ ಬಾಖ್ ಮ್ಯೂಸಿಯಂನಲ್ಲಿ ಹಳೆಯ ವಾದ್ಯಗಳನ್ನು ಗಂಟೆಗೊಮ್ಮೆ ನಿಜವಾಗಿ ನುಡಿಸಿ ಕೇಳಿಸುತ್ತಾರೆ. ಕ್ಲಾವಿಕಾರ್ಡ್ ನುಡಿಸುವಾಗ ಇಡೀ ಕೋಣೆ ಉಸಿರು ಬಿಗಿ ಹಿಡಿಯುತ್ತದೆ.

ಒಬ್ಬರು ವೀಣೆ ಕಲಿಸುವ ಹಿರಿಯರು ಬೇಬುಂಗ್ ಬಗ್ಗೆ ಇನ್ನಷ್ಟು ಕೇಳಿದರು. ಬೆರಳು ಅದುಮಿದಾಗ ತಂತಿ ಬಿಗಿಯಾಗಿ ಸ್ವರ ಸ್ವಲ್ಪ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ ಅಂತ ತೋರಿಸಿದೆ. ಅವರು ಗಾಳಿಯಲ್ಲೇ ಎಡಗೈ ಬೆರಳು ಆಡಿಸಿ ನೋಡಿ, "ಸರಿ, ತಂತಿ ಎಳೆಯೋದೇ. ಎಳೆಯೋ ದಾರಿ ಮಾತ್ರ ಬೇರೆ" ಅಂದರು. ನಾನು ಅರ್ಧ ಗಂಟೆ ಹೇಳಿದ್ದು ಅಷ್ಟೇ ಆಗಿತ್ತು.

ಎಲ್ಲರೂ ಏಳುವಾಗ ಎಂಟು ವರ್ಷದ ಒಬ್ಬ ಹುಡುಗ ಆ ಮರದ ಕಡ್ಡಿಯನ್ನು ವಾಪಸ್ ಕೊಡಲು ಬಂದ. ಇಷ್ಟು ಹೊತ್ತೂ ಅದು ಅವನ ಕೈಯಲ್ಲೇ ಇತ್ತಂತೆ.

"ಆಂಟಿ, ಕಾಗೆ ಗರಿ ಆಗುತ್ತಾ?"

"ಆಗುತ್ತೆ. ಆ ಕಾಲದಲ್ಲಿ ಬಹಳ ಜನ ಕಾಗೆ ಜಾತಿಯ ಹಕ್ಕಿಗಳ ಗರಿಯನ್ನೇ ಹಾಕುತ್ತಿದ್ದರು. ದಂಟು ಗಟ್ಟಿ ಇರಬೇಕು, ಬಾಗಿದರೆ ಮುರೀಬಾರದು."

"ನಮ್ಮ ಟೆರೇಸಲ್ಲಿ ತುಂಬಾ ಬಿದ್ದಿರುತ್ತೆ."

ಸ್ಟೀಲ್ ಡಬ್ಬಿಗೆ ರಬ್ಬರ್ ಬ್ಯಾಂಡ್ ಬಿಗಿದು ಗರಿಯ ದಂಟಿನಿಂದ ಮೀಟಿ ನೋಡು ಅಂದೆ. ಆಮೇಲೆ ಬೆರಳಿನಿಂದ ಮೀಟು, ಆಮೇಲೆ ಪೆನ್ಸಿಲ್ಲಿನಿಂದ ಹೊಡಿ, ಮೂರೂ ಸದ್ದು ಬೇರೆ ಬೇರೆ ಇರುತ್ತೆ. ದಂಟನ್ನು ಅಮ್ಮನ ಹತ್ತಿರ ಓರೆಯಾಗಿ ಕತ್ತರಿಸಿ ಕೊಡಲು ಹೇಳು. ತುದಿ ತೀರಾ ಉದ್ದ ಬಿಡಬೇಡ, ತಂತಿಗೆ ಸಿಕ್ಕಿಕೊಂಡುಬಿಡುತ್ತೆ.